ವಾಹನದ ಹೊರಮೈ: ಮನೆಮಂದಿಯ ಕೈಕೆಲಸ ಎಲ್ಲಿಯವರೆಗೆ ಸಲ್ಲುತ್ತದೆ?

ಮನೆಯಂಗಳಕ್ಕೆ ಕಾರೊಂದು ಬಂದು ನಿಂತಿತೆಂದರೆ ಅದರ ಬೆನ್ನಿಗೇ ಹತ್ತಾರು ಬಯಕೆಗಳೂ ಬಂದು ನಿಲ್ಲುತ್ತವೆ. ಮುಂಭಾಗಕ್ಕೆ ಉಕ್ಕಿನ ಕಾವಲುಕಂಬಿ ಬೇಕು, ಗಾಜಿಗೆ ಕಪ್ಪು ಹಾಳೆ ಬೇಕು, ಚಕ್ರಗಳು ಅಗಲವಾಗಬೇಕು, ದೀಪಗಳು ಪ್ರಖರವಾಗಬೇಕು, ಸಂಖ್ಯಾಫಲಕದ ಅಂಕಿಗಳು ಬಳ್ಳಿಯಂತೆ ಬಳುಕಬೇಕು. ಹಿಂದೆ ಇವೆಲ್ಲಕ್ಕೂ ಪೇಟೆಯ ಗ್ಯಾರೇಜನ್ನೇ ಆಶ್ರಯಿಸಬೇಕಾಗಿತ್ತು. ಈಗಲಾದರೋ ಬಿಡಿಭಾಗಗಳು ಪಾರ್ಸೆಲಿನಲ್ಲಿ ಮನೆಬಾಗಿಲಿಗೇ ಬರುತ್ತವೆ. ಅವುಗಳನ್ನು ಜೋಡಿಸುವ ಬಗೆಯನ್ನು ಮೊಬೈಲಿನ ವಿಡಿಯೋಗಳು ತೋರಿಸಿಕೊಡುತ್ತವೆ. ಭಾನುವಾರದ ಬೆಳಿಗ್ಗೆ ಮನೆಯ ತರುಣರು ಸ್ಪ್ಯಾನರು ಹಿಡಿದು ತಾವೇ ಕೆಲಸಕ್ಕೆ ಕುಳಿತುಬಿಡುತ್ತಾರೆ. ಕೈಕೆಲಸಕ್ಕೆ ನಾಚದಿರುವುದು ಪ್ರಶಂಸನೀಯವೇ ಸರಿ. ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ಕೆಲಸಕ್ಕೆ ಕೈ ಹಾಕಬೇಕು, ಯಾವುದಕ್ಕೆ ಕೂಡದು ಎಂಬ ವಿವೇಚನೆ ಬಹುತೇಕ ಮನೆಗಳಲ್ಲಿ ಆಗುತ್ತಿಲ್ಲ. ಆಗಬೇಕಾದ ಕೆಲಸಗಳು ಹಾಗೆಯೇ ಉಳಿದು, ಆಗಬಾರದ ಕೆಲಸಗಳು ಸಡಗರದಿಂದ ನಡೆಯುತ್ತಿವೆ.

ಮೊದಲಿಗೆ ಕಾನೂನಿನ ಮಾತನ್ನು ಹೇಳಿ ಮುಗಿಸುತ್ತೇವೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಡಿಗೆ ಸಂಬಂಧಿಸಿದುದು. ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನೇ ಎತ್ತಿಹಿಡಿದು, ವಾಹನದ ಮೂಲ ರಚನೆಯನ್ನು ಬದಲಿಸಿ ನೋಂದಣಿ ಪಡೆಯಲಾಗದೆಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ‘ಒಂದೊಂದಕ್ಕೂ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಕಾರಿನ ಬಣ್ಣವೂ ನೋಂದಣಿ ಪತ್ರದಲ್ಲಿ ದಾಖಲಾಗಿರುವ ವಿವರವೇ ಆಗಿರುವುದರಿಂದ, ಬಿಳಿಯ ಕಾರನ್ನು ಕೆಂಪಾಗಿಸಬೇಕೆನ್ನುವವರು ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅರ್ಜಿ ಕೊಟ್ಟು, ಪತ್ರದಲ್ಲಿ ಆ ಬದಲಾವಣೆಯನ್ನು ಬರೆಸಿಕೊಳ್ಳಬೇಕು.

ಕಾನೂನಿನ ಭಯಕ್ಕಿಂತ ಮಿಗಿಲಾದ ಕಾರಣಗಳು ಈ ನಿಯಮಗಳ ಹಿಂದೆ ಇವೆ. ಅವುಗಳಲ್ಲಿ ಮುಖ್ಯವಾದುದು ಕಾವಲುಕಂಬಿಯ ವಿಚಾರ. ನಮ್ಮ ಕಡೆ ಇದನ್ನು ಬುಲ್ ಬಾರ್ ಎಂದೋ ಕ್ರ್ಯಾಶ್ ಗಾರ್ಡ್ ಎಂದೋ ಕರೆಯುವುದುಂಟು. ಇದರ ಮೂಲ ಆಸ್ಟ್ರೇಲಿಯದ ನಿರ್ಜನ ಬಯಲುಗಳಲ್ಲಿದೆ. ರಾತ್ರಿಯ ಹೊತ್ತು ರಸ್ತೆಗೆ ಹಾರಿಬರುವ ಕಾಂಗರೂಗಳಿಂದ ರೇಡಿಯೇಟರನ್ನು ಉಳಿಸಿಕೊಳ್ಳಲು ಅಲ್ಲಿನ ಲಾರಿ, ಜೀಪುಗಳವರು ಕಂಡುಕೊಂಡ ಉಪಾಯವದು. ಊರೂರಿಗೆ ನೂರಾರು ಮೈಲಿ ಅಂತರವಿರುವ ಆ ನಾಡಿನಲ್ಲಿ ರೇಡಿಯೇಟರು ಒಡೆದು ನಿಂತವನಿಗೆ ನೀರೂ ಸಿಗದು. ಆ ನೆಲದಲ್ಲಿ ಅದು ಸಕಾರಣವೇ ಆಗಿದ್ದೀತು. ಹುಬ್ಬಳ್ಳಿಯ ಪೇಟೆಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಚಲಿಸುವ ಕಾರಿಗೆ ಅದರ ಅಗತ್ಯವೇನು?

ಕಳೆದ ಶ್ರಾವಣದಲ್ಲಿ ದಾವಣಗೆರೆಯ ಸಮೀಪದ ಗೃಹಸ್ಥರೊಬ್ಬರ ಮನೆಗೆ ನಾವು ಹೋಗಿದ್ದಾಗ ತಂದೆ ಮಕ್ಕಳಲ್ಲಿ ಇದೇ ವಾದ ನಡೆದಿತ್ತು. ಮಗ ಉಕ್ಕಿನ ಕಂಬಿಯನ್ನು ಆಗಲೇ ತರಿಸಿ ಪಡಸಾಲೆಯಲ್ಲಿ ಇಟ್ಟಿದ್ದ. ‘ಗುರುಗಳೇ, ನೀವಾದರೂ ಇವನಿಗೆ ನಾಲ್ಕು ಮಾತು ಹೇಳಿರಿ’ ಎಂದರು ಯಜಮಾನರು. ಹುಡುಗ ವಿನಯದಿಂದಲೇ, ‘ಎಮ್ಮೆಯೋ ಹಂದಿಯೋ ಅಡ್ಡ ಬಂದರೆ ಬಂಪರು ಪುಡಿಯಾಗುತ್ತದೆ ಗುರುಗಳೇ, ಇದಿದ್ದರೆ ಗಾಡಿ ಉಳಿಯುತ್ತದೆ’ ಎಂದ. ಗಾಡಿ ಉಳಿಯುತ್ತದೆಂಬ ಅವನ ಮಾತು ಒಂದು ಮಟ್ಟಿಗೆ ನಿಜವೇ. ಒಳಗಿರುವವರ ಗತಿಯೇನೆಂಬುದನ್ನು ಅವನು ಆಲೋಚಿಸಿರಲಿಲ್ಲ.

ಈಗಿನ ಕಾರುಗಳ ಮುಂಭಾಗ ಮುದುಡಿಹೋಗುವುದು ತಗಡು ತೆಳುವೆಂಬ ಕಾರಣದಿಂದ ಅಲ್ಲ. ಮುದುಡಲೆಂದೇ ಅದನ್ನು ರಚಿಸಿರುತ್ತಾರೆ. ಮರ್ಸಿಡಿಸ್-ಬೆಂಜ್ ಸಂಸ್ಥೆಯ ಇಂಜಿನಿಯರ್ ಬೇಲಾ ಬಾರೆನ್ಯಿ ಎಂಬುವವರು 1950ರ ದಶಕದ ಆರಂಭದಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದರು; 1959ರಲ್ಲಿ ಆ ಸಂಸ್ಥೆಯ ಕಾರಿನಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಮಧ್ಯದಲ್ಲಿ ಜನ ಕುಳಿತುಕೊಳ್ಳುವ ಭಾಗ ಗಟ್ಟಿಯಾಗಿರಬೇಕು, ಹಿಂದು ಮುಂದಿನ ಭಾಗಗಳು ಕ್ರಮವಾಗಿ ಕುಸಿದು ಹೊಡೆತವನ್ನು ನುಂಗಿಕೊಳ್ಳಬೇಕು ಎಂಬುದೇ ಆ ತತ್ತ್ವ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವ ಕಾರಿನಲ್ಲಿರುವವರಿಗೆ ತಗುಲುವ ಹೊಡೆತವು ಸುಮಾರು ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯಿಂದ ಕೆಳಗೆ ಬಿದ್ದುದಕ್ಕೆ ಸಮ. ಆ ವೇಗ ಅರ್ಧ ಮೀಟರ್ ಮುದುಡುವಿಕೆಯಲ್ಲಿ ಶಮನವಾದರೆ ದೇಹದ ಮೇಲೆ ಬೀಳುವ ಸರಾಸರಿ ಬಲವು ದೇಹತೂಕದ ಸುಮಾರು 20 ಪಟ್ಟು. ನಿಲ್ಲುವ ದೂರ ಕಾಲು ಮೀಟರಿಗೆ ಇಳಿದರೆ ಅದು 40 ಪಟ್ಟು. ದೂರ ಅರ್ಧವಾದಾಗ ಬಲ ಇಮ್ಮಡಿಯಾಗುವುದು ಲೆಕ್ಕದ ನಿಯಮ. ಚಾಸಿಗೆ ಬಿಗಿದ ಉಕ್ಕಿನ ಕಂಬಿಯು ಮುದುಡಬೇಕಾದ ಭಾಗವನ್ನು ಮುದುಡಗೊಡದೆ ಹೊಡೆತವನ್ನು ನೇರವಾಗಿ ಒಳಕ್ಕೆ ದಾಟಿಸುತ್ತದೆ.

ಏರ್‌ಬ್ಯಾಗಿನ ಲೆಕ್ಕವೂ ಅದರಿಂದ ತಪ್ಪುತ್ತದೆ. 2019ರ ಜುಲೈಯಿಂದ ಚಾಲಕನಿಗೂ, 2022ರ ಆರಂಭದಿಂದ ಪಕ್ಕದಲ್ಲಿ ಕೂರುವವರಿಗೂ ಹೊಸ ಕಾರುಗಳಲ್ಲಿ ಏರ್‌ಬ್ಯಾಗು ಕಡ್ಡಾಯವಾಗಿದೆ. ವಾಹನದ ವೇಗ ಯಾವ ತೀವ್ರತೆಯಿಂದ ಕುಗ್ಗುತ್ತಿದೆ ಎಂಬುದನ್ನು ಸಂವೇದಕಗಳು ಅಳೆದು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಚೀಲವನ್ನು ಉಬ್ಬಿಸಬೇಕು. ತಯಾರಕರು ತಮ್ಮ ಕಾರನ್ನು ಹತ್ತಾರು ಬಾರಿ ಗೋಡೆಗೆ ಗುದ್ದಿಸಿ ನಿರ್ಧರಿಸಿದ ಆ ಕ್ಷಣವು, ಅವರು ಕಂಡೇ ಇರದ ಕಂಬಿಯೊಂದು ಮುಂದೆ ಸೇರಿಕೊಂಡಾಗ ಹಿಂದು ಮುಂದಾಗುತ್ತದೆ. ಇನ್ನು ರಸ್ತೆಯಲ್ಲಿ ನಡೆದುಹೋಗುವವರ ಪಾಡು ಬೇರೆಯೇ. ದೊಡ್ಡವರ ತೊಡೆ ಸೊಂಟಕ್ಕೆ ತಾಗುವ ಕಂಬಿಯು ಎಂಟು ವರ್ಷದ ಮಗುವಿನ ಎದೆಗೋ ತಲೆಗೋ ತಾಗುತ್ತದೆ. ಬಂಪರಿನ ಪ್ಲಾಸ್ಟಿಕ್ಕು ಬಾಗುತ್ತದೆ; ಉಕ್ಕು ಬಾಗುವುದಿಲ್ಲ. ಈ ಕಾರಣಗಳಿಗಾಗಿಯೇ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ಇಂತಹ ಕಂಬಿಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಬರೆಯಿತು. ದಾವಣಗೆರೆಯ ಹುಡುಗನಿಗೆ ನಾವು ಇಷ್ಟನ್ನೂ ಹೇಳಿದೆವು. ಅವನು ಮರುಮಾತಾಡಲಿಲ್ಲ. ಅವನ ಪುಟ್ಟ ತಂಗಿ ಪಡಸಾಲೆಯಲ್ಲಿದ್ದ ಕಂಬಿಯ ಪಕ್ಕ ಹೋಗಿ ನಿಂತಳು. ಅದರ ಮೇಲಂಚು ಅವಳ ಗಲ್ಲಕ್ಕೆ ಬಂದಿತು. ಮರುವಾರ ಆ ಕಂಬಿ ಹಿತ್ತಿಲಿನ ಹಾಗಲಬಳ್ಳಿಗೆ ಆಧಾರವಾಯಿತೆಂದು ಯಜಮಾನರು ಫೋನಿನಲ್ಲಿ ತಿಳಿಸಿದರು.

ಗಾಜಿಗೆ ಅಂಟಿಸುವ ಕಪ್ಪು ಹಾಳೆಯ ಕಥೆ ಬೇರೆ ಬಗೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದರಂತೆ ಮುಂದಿನ ಹಾಗೂ ಹಿಂದಿನ ಗಾಜುಗಳು ಬೆಳಕಿನ ಶೇಕಡಾ 70ರಷ್ಟನ್ನೂ, ಪಕ್ಕದ ಗಾಜುಗಳು ಶೇಕಡಾ 50ರಷ್ಟನ್ನೂ ಒಳಗೆ ಬಿಡಲೇಬೇಕು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು, ಹಾಳೆ ಎಷ್ಟೇ ತಿಳಿಯಾಗಿದ್ದರೂ ಅಂಟಿಸುವುದನ್ನೇ ನಿಷೇಧಿಸಿತು. ಕಪ್ಪು ಗಾಜಿನ ಹಿಂದೆ ನಡೆಯುವ ಅಪರಾಧಗಳು ಆ ತೀರ್ಪಿನ ಹಿನ್ನೆಲೆಯಲ್ಲಿದ್ದವು. ಅನಂತರ ನಿಯಮಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದನ್ನು ಆಧರಿಸಿ ಕೇರಳ ಉಚ್ಚ ನ್ಯಾಯಾಲಯವು 2024ರಲ್ಲಿ, ಮಿತಿಯೊಳಗಿನ ಹಾಳೆಗೆ ದಂಡ ವಿಧಿಸಲಾಗದೆಂದು ಹೇಳಿತು. ಇದನ್ನು ಕೇಳಿದೊಡನೆ ‘ಶೇಕಡಾ 50ರ ಹಾಳೆ’ ಎಂದು ಅಂಗಡಿಯವನು ಕೊಟ್ಟುದನ್ನು ಪಕ್ಕದ ಗಾಜಿಗೆ ಅಂಟಿಸಿಬಿಡುವವರಿದ್ದಾರೆ. ಇಲ್ಲಿ ಶಾಲೆಯ ಗಣಿತವನ್ನು ಸ್ವಲ್ಪ ನೆನೆಯಬೇಕು. ಗಾಜು ತಾನೇ ಎಲ್ಲ ಬೆಳಕನ್ನೂ ಬಿಡುವುದಿಲ್ಲ. ನೂರರಲ್ಲಿ 75 ಪಾಲು ಬಿಡುವ ಗಾಜಿಗೆ 50 ಪಾಲು ಬಿಡುವ ಹಾಳೆ ಹಚ್ಚಿದರೆ ಒಳಗೆ ಬರುವುದು 75ರ ಅರ್ಧ, ಎಂದರೆ ಮೂವತ್ತೇಳೂವರೆ ಮಾತ್ರ. ಅದೇ ಗಾಜಿಗೆ 70ರ ಹಾಳೆಯಾದರೆ ಐವತ್ತೆರಡೂವರೆ. ಅದು ಪಕ್ಕದ ಗಾಜಿಗೆ ಸಲ್ಲುತ್ತದೆ, ಮುಂದಿನ ಗಾಜಿಗೆ ಸಲ್ಲದು. ಪೊಲೀಸರ ಮಾಪಕವು ಗಾಜು ಹಾಳೆ ಎರಡನ್ನೂ ಕೂಡಿಸಿಯೇ ಅಳೆಯುತ್ತದೆ. ಬಿಸಿಲಿನ ತಾಪವೇ ತೊಂದರೆಯೆಂದಾದರೆ, ಕಾರು ನಿಂತಾಗ ಮಾತ್ರ ಮುಂಗಾಜಿನ ಒಳಗಡೆ ಇಡುವ ಹೊಳಪಿನ ಪರದೆ ಸಾಕು; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮಳೆಗಾಲದ ರಾತ್ರಿ ಕಪ್ಪು ಗಾಜಿನೊಳಗಿನಿಂದ ಬಲಬದಿಯ ಕನ್ನಡಿಯನ್ನು ನೋಡಲೆತ್ನಿಸಿದವರಿಗೆ ಉಳಿದುದನ್ನು ನಾವು ಹೇಳಬೇಕಾಗಿಲ್ಲ.

ದೀಪಗಳ ವಿಷಯದಲ್ಲಿ ನಮ್ಮ ಜನರ ಉತ್ಸಾಹಕ್ಕೆ ಮೇರೆಯೇ ಇಲ್ಲ. ಹಿಂದೊಮ್ಮೆ ಮುಂದೀಪದ ನಡುವೆ ಕಪ್ಪು ಬೊಟ್ಟೊಂದನ್ನು ಬಳಿಯುವ ರೂಢಿಯಿತ್ತು. ಎದುರಿನವನ ಕಣ್ಣು ಕೋರೈಸಬಾರದೆಂಬ ಕನಿಷ್ಠ ಕಾಳಜಿಯಾದರೂ ಅದರಲ್ಲಿತ್ತು. ಈಗ ಅದು ತಿರುಗುಮುರುಗಾಗಿದೆ. ಹ್ಯಾಲೊಜೆನ್ ಬಲ್ಬಿಗೆಂದು ರಚಿಸಿದ ದೀಪದ ಬಟ್ಟಲಿಗೆ ಎಲ್‌ಇಡಿ ಬಲ್ಬನ್ನು ತುರುಕುತ್ತಾರೆ. ಆ ಬಟ್ಟಲಿನ ಒಳಕನ್ನಡಿಯ ವಕ್ರತೆಯನ್ನು, ತಂತು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆಂದು ಭಾವಿಸಿ ಲೆಕ್ಕ ಹಾಕಿರುತ್ತಾರೆ. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಕಿರಣಗಳು ರಸ್ತೆಗೆ ಬೀಳದೆ ಎದುರಿನವನ ಕಣ್ಣಿಗೂ ಮರದ ಕೊಂಬೆಗೂ ಹಂಚಿಹೋಗುತ್ತವೆ. ಹಾಕಿದವನಿಗೆ ಬೆಳಕು ಹೆಚ್ಚಿದಂತೆ ತೋರುತ್ತದೆ. ದೂರದ ರಸ್ತೆ ಮಾತ್ರ ಮೊದಲಿಗಿಂತ ಕತ್ತಲಾಗಿರುತ್ತದೆ. 2024ರಲ್ಲಿ ಕರ್ನಾಟಕದ ಪೊಲೀಸರು ಇಂತಹ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣಗಳನ್ನು ದಾಖಲಿಸಿದುದು ಓದುಗರಿಗೆ ನೆನಪಿರಬಹುದು.

ಹ್ಯಾಲೊಜೆನ್ನಿನಲ್ಲೇ ಹೆಚ್ಚು ವ್ಯಾಟಿನದನ್ನು ಹಾಕುವವರಿಗೆ ಮತ್ತೊಂದು ಅಪಾಯವಿದೆ. ಸಾಮಾನ್ಯ ಎಚ್-4 ಬಲ್ಬು 60/55 ವ್ಯಾಟಿನದು; ಅಂಗಡಿಯಲ್ಲಿ 100/90 ಸಿಗುತ್ತದೆ. 12 ವೋಲ್ಟಿನಲ್ಲಿ 60 ವ್ಯಾಟಿಗೆ ಹರಿಯುವ ವಿದ್ಯುತ್ತು 5 ಆಂಪಿಯರ್, 100 ವ್ಯಾಟಿಗೆ ಎಂಟಕ್ಕೂ ಹೆಚ್ಚು. ತಂತಿಯಲ್ಲಿ ಹುಟ್ಟುವ ಕಾವು ವಿದ್ಯುತ್ತಿನ ವರ್ಗಕ್ಕೆ ಅನುಸಾರವಾದುದರಿಂದ ಅದು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹೋಲ್ಡರು ಕರಗುವುದು, ಸ್ವಿಚ್ಚು ಸುಡುವುದು, ಬಟ್ಟಲಿನ ಹೊಳಪು ಸುಟ್ಟು ಮಂಕಾಗುವುದು ಇದರಿಂದಲೇ.

ಹಾಗಾದರೆ ಮಂದವಾದ ದೀಪಕ್ಕೆ ಮನೆಯಲ್ಲಿ ಏನನ್ನೂ ಮಾಡಲಾಗದೇ? ಖಂಡಿತ ಮಾಡಬಹುದು. ಏಳೆಂಟು ವರ್ಷ ಬಿಸಿಲಿನಲ್ಲಿ ನಿಂತ ಕಾರಿನ ದೀಪ ಮಂದವಾಗಿದ್ದರೆ ಹತ್ತರಲ್ಲಿ ಎಂಟು ಬಾರಿ ದೋಷವಿರುವುದು ಬಲ್ಬಿನಲ್ಲಲ್ಲ, ಮುಂದಿನ ಮುಚ್ಚಳದಲ್ಲಿ ಎಂಬುದು ನಮ್ಮ ಅನುಭವ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಅದು ಗಾಜಿನದಾಗಿತ್ತು. ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಮೇಲೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ತೆಳುವಾದ ಲೇಪವಿರುತ್ತದೆ. ಲೇಪ ಸವೆದ ಮೇಲೆ ಪ್ಲಾಸ್ಟಿಕ್ಕು ಹಳದಿಗೊಂಡು, ಸೂಕ್ಷ್ಮ ಬಿರುಕುಗಳಿಂದ ಮಬ್ಬಾಗುತ್ತದೆ. ಇದನ್ನು ಸರಿಪಡಿಸುವುದು ಮನೆಮಂದಿ ಮಾಡಬಹುದಾದ ಕೆಲಸಗಳಲ್ಲೆಲ್ಲ ಅತ್ಯಂತ ಪ್ರಯೋಜನಕರವಾದುದು. ಖರ್ಚು ಅಲ್ಪ, ಲಾಭ ರಾತ್ರಿಯೇ ಕಾಣುತ್ತದೆ.

ಮೊದಲು ದೀಪವನ್ನು ಸೋಪುನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ತಾಗದಂತೆ ಪೇಂಟರುಗಳು ಬಳಸುವ ಕಾಗದದ ಟೇಪನ್ನು ಎರಡು ಸುತ್ತು ಅಂಟಿಸಬೇಕು. ಅನಂತರ ವಾಟರ್ ಪೇಪರು. 800ರ ಸಂಖ್ಯೆಯಿಂದ ಆರಂಭಿಸಿ 1500, 2000, ಸಿಕ್ಕಿದರೆ 3000ದವರೆಗೆ, ನೀರು ಚಿಮುಕಿಸುತ್ತಲೇ ಉಜ್ಜಬೇಕು. ಸಂಖ್ಯೆ ಹೆಚ್ಚಾದಷ್ಟೂ ಕಾಗದ ನಯ. ಒಂದು ಕಾಗದದಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ ಉಜ್ಜಬೇಕು. ಹಿಂದಿನ ಗೆರೆಗಳು ಅಳಿದುವೋ ಇಲ್ಲವೋ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. 800ರಲ್ಲಿ ಉಜ್ಜಿದಾಗ ದೀಪ ಮೊದಲಿಗಿಂತ ಹೆಚ್ಚು ಮಬ್ಬಾಗಿ ಮನೆಯೊಡತಿ ಗಾಬರಿಗೊಳ್ಳುವುದುಂಟು, ಹೆದರಬೇಕಾಗಿಲ್ಲ. ಮೊದಮೊದಲು ಇಳಿದುಬರುವ ನೀರು ಹಳದಿಯಾಗಿದ್ದು, ಬರಬರುತ್ತ ಹಾಲಿನಂತೆ ಬೆಳ್ಳಗಾದರೆ ಕೆಟ್ಟ ಪದರ ಹೋಯಿತೆಂದು ಅರ್ಥ. ಕಡೆಗೆ ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ಹೊಳಪು ಬರುವವರೆಗೆ ತಿಕ್ಕಬೇಕು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಹಳೆಯ ಲೇಪವನ್ನು ನಾವೇ ತೆಗೆದುಬಿಟ್ಟಿರುವುದರಿಂದ ಹಾಗೆಯೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರುಕಳಿಸುತ್ತದೆ. ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪ ಸ್ಪ್ರೇ ಡಬ್ಬಿಗಳಲ್ಲಿ ದೊರೆಯುತ್ತದೆ. ಅದನ್ನು ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ ನೆರಳಿನಲ್ಲಿ ಒಣಗಿಸಿದರೆ ಮಾತ್ರ ಕೆಲಸ ಪೂರ್ತಿ. ಹಲ್ಲಿನ ಪೇಸ್ಟು ತಿಕ್ಕಿದರೆ ಸಾಕೆಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಪೇಸ್ಟಿನಲ್ಲಿಯೂ ನಯವಾದ ಉಜ್ಜುಪುಡಿ ಇರುವುದರಿಂದ ಒಂದೆರಡು ವಾರ ಬೆಳಗುತ್ತದೆ, ಅಷ್ಟೇ.

ಈಗ ಬಣ್ಣ ಹಾಗೂ ತುಕ್ಕಿನ ವಿಚಾರಕ್ಕೆ ಬರೋಣ. ಕಾರು ಗೀಚಿದರೆ ಮೊದಲು ನೋಡಬೇಕಾದುದು ಗೀಚಿದ್ದು ಎಲ್ಲಿ ಎಂಬುದನ್ನು. ಬಂಪರು ಪ್ಲಾಸ್ಟಿಕ್ಕಿನದು, ಅದಕ್ಕೆ ತುಕ್ಕು ಹಿಡಿಯದು. ಅಲ್ಲಿನ ಗೀರು ಕಣ್ಣಿಗಷ್ಟೇ ಕೊರತೆ, ಯುಗಾದಿಯವರೆಗೆ ಕಾಯಬಹುದು. ಬಾಗಿಲು, ಮಡ್‌ಗಾರ್ಡು, ಬಾನೆಟ್ಟುಗಳ ಗೀರಾದರೆ ಬೆರಳ ಉಗುರನ್ನು ಅದರ ಮೇಲೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಪಾರದರ್ಶಕ ಪದರ ಮಾತ್ರ ಕೆಟ್ಟಿದೆ, ಪಾಲಿಷಿನಲ್ಲಿ ಹೋಗುತ್ತದೆ. ಸಿಕ್ಕಿಕೊಂಡು, ಒಳಗೆ ಬೂದುಬಣ್ಣದ ಪ್ರೈಮರೋ ಲೋಹವೋ ಕಂಡರೆ ತಡಮಾಡಬಾರದು. ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು; ತಗಡನ್ನು ಕಾಯುವುದು ಅಷ್ಟೇ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ಇಂತಹ ಗೀರು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ಅಲ್ಲಿಂದಾಚೆಗೆ ತುಕ್ಕು ಬಣ್ಣದ ಅಡಿಯಲ್ಲೇ ಹರಿದು, ಒಂದು ದಿನ ಗುಳ್ಳೆಯಾಗಿ ಮೇಲೇಳುತ್ತದೆ.

ಈ ಕೆಲಸವನ್ನೂ ಮನೆಯಲ್ಲಿ ಮಾಡಬಹುದು. ತುಕ್ಕನ್ನು ಎಮರಿ ಕಾಗದದಿಂದ ಲೋಹ ಬೆಳ್ಳಗಾಗುವವರೆಗೆ ತೆಗೆದು, ಥಿನ್ನರಿನ ಬಟ್ಟೆಯಿಂದ ಒರೆಸಿ, ಪ್ರೈಮರನ್ನು ಬಳಿದು, ಒಣಗಿದ ಮೇಲೆ ಬಣ್ಣವನ್ನು ಸಣ್ಣ ಕುಂಚದಿಂದ ತೆಳುವಾಗಿ ಹಲವು ಬಾರಿ ತುಂಬಬೇಕು. ಒಮ್ಮೆಗೇ ದಪ್ಪನಾಗಿ ಬಳಿಯುವುದು ಅವಸರದವರ ಕ್ರಮ. ಅದು ಸೋರಿ ಕಣ್ಣೀರಿನಂತೆ ನಿಲ್ಲುತ್ತದೆ. ಬಣ್ಣದ ಸಂಕೇತಾಂಕ ಬಾಗಿಲ ಕಂಬದಲ್ಲೋ ಇಂಜಿನ್ನಿನ ಬಳಿಯ ಫಲಕದಲ್ಲೋ ಇರುತ್ತದೆ. ‘ಬಿಳಿ’ ಎಂದಷ್ಟೇ ಕೇಳಿ ತಂದ ಡಬ್ಬಿ ಹೊಂದಿಕೆಯಾಗದು. ಮೇಲೊಂದು ಪಾರದರ್ಶಕ ಪದರ, ಅದು ಪೂರ್ತಿ ಗಟ್ಟಿಯಾದ ಮೇಲೆ 2000ದ ವಾಟರ್ ಪೇಪರು, ಕಾಂಪೌಂಡು. ಜಡಿಮಳೆಯ ದಿನಗಳಲ್ಲಿ ಇದಕ್ಕೆ ಕೈಹಾಕಬಾರದು. ಗಾಳಿಯ ತೇವ ಸೇರಿ ಪದರ ಹಾಲುಬಣ್ಣಕ್ಕೆ ತಿರುಗುತ್ತದೆ. ದೊಡ್ಡ ತಗ್ಗುಗಳನ್ನು ಟಿಂಕರಿಂಗಿನವರಿಗೇ ಬಿಡುವುದು ಲೇಸು. ಹಳೆಯ ಕಾರು ಕೊಳ್ಳುವವರಿಗೆ ಇಲ್ಲೇ ಒಂದು ಮಾತು: ಸಣ್ಣ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಮಡ್‌ಗಾರ್ಡುಗಳ ಮೇಲೆ ಇಡುತ್ತ ಹೋಗಿರಿ. ಉಕ್ಕಿನ ತಗಡು ಇರಬೇಕಾದಲ್ಲಿ ಅದು ಹಿಡಿಯದಿದ್ದರೆ ಬಣ್ಣದ ಕೆಳಗಿರುವುದು ತಗಡಲ್ಲ, ದಪ್ಪನೆಯ ಪುಟ್ಟಿ.

ಕಾರಿನ ಅಡಿಭಾಗಕ್ಕೆ ಡಾಂಬರಿನಂತಹ ಲೇಪವನ್ನು ತಾವೇ ಹಚ್ಚುವವರಿಗೆ ಎಚ್ಚರಿಕೆ ಅಗತ್ಯ. ಬಾಗಿಲುಗಳ ಕೆಳಅಂಚಿನಲ್ಲಿಯೂ ಮೆಟ್ಟಿಲಪಟ್ಟಿಯ ತಳದಲ್ಲಿಯೂ ಚಿಕ್ಕ ರಂಧ್ರಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಹೋಗುವುದು ಅವುಗಳಿಂದಲೇ. ಲೇಪ ಹಚ್ಚುವ ಭರದಲ್ಲಿ ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು, ತುಕ್ಕನ್ನು ತಡೆಯಲು ಮಾಡಿದ ಕೆಲಸವೇ ತುಕ್ಕಿಗೆ ತೊಟ್ಟಿಲಾಗುತ್ತದೆ. ತೆಂಗಿನ ನಾರು ಹಾಗೂ ಬಟ್ಟೆ ಒಗೆಯುವ ಪುಡಿಯಿಂದ ಕಾರು ತಿಕ್ಕುವ ಪದ್ಧತಿಯನ್ನು ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತೇವೆ. ಎತ್ತು ಎಮ್ಮೆಗಳ ಮೈ ತಿಕ್ಕುವ ಪ್ರೀತಿ ಅದರಲ್ಲಿದೆಯಾದರೂ ಬಣ್ಣ ಅದನ್ನು ತಾಳದು.

ಅಗಲವಾದ ಚಕ್ರಗಳನ್ನು ಬಯಸುವವರು ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳನ್ನು ಓದಲು ಕಲಿಯಬೇಕು. 165/80 ಆರ್ 14 ಎಂದರೆ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡಾ 80, ರಿಮ್ಮಿನ ವ್ಯಾಸ 14 ಇಂಚು. ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರ್ ಆಯಿತು. 185/65 ಆರ್ 15ರ ಒಟ್ಟು ವ್ಯಾಸ 621 ಚಿಲ್ಲರೆ. ಇವೆರಡೂ ಒಂದಕ್ಕೊಂದು ಹೊಂದುತ್ತವೆ. ನೋಡಲು ಚೆನ್ನೆಂದು 195/70 ಆರ್ 15 ಹಾಕಿದರೆ ವ್ಯಾಸ 654ಕ್ಕೇರಿ, ಮೀಟರು 80 ತೋರಿಸುವಾಗ ಕಾರು 84ರಲ್ಲಿ ಓಡುತ್ತಿರುತ್ತದೆ. ತಿರುವಿನಲ್ಲಿ ಟೈರು ಒಳಮಡ್‌ಗಾರ್ಡಿಗೆ ಉಜ್ಜುತ್ತದೆ. ಕಾರಿನ ಕೈಪಿಡಿಯಲ್ಲಿ ತಯಾರಕರು ಒಪ್ಪಿದ ಅಳತೆಗಳಿರುತ್ತವೆ, ಅದರಾಚೆಗೆ ಹೋಗಬಾರದು.

ಸಂಖ್ಯಾಫಲಕದ ವಿಷಯದಲ್ಲಿ ಕೈಕೆಲಸಕ್ಕೆ ಎಡೆಯೇ ಇಲ್ಲ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ವಾಹನಗಳಿಗೂ ಅದು ಬೇಕೆಂದು ಕರ್ನಾಟಕ ಸರ್ಕಾರವು 2023ರ ಆಗಸ್ಟಿನಲ್ಲಿ ಆದೇಶಿಸಿತು. ಅಲ್ಯೂಮಿನಿಯಂ ತಗಡು, ಎಡಮೇಲ್ತುದಿಯಲ್ಲಿ ಅಶೋಕಚಕ್ರದ ಹೊಲೊಗ್ರಾಮು, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಕೀಲು, ಇವು ಅದರ ಲಕ್ಷಣಗಳು. ಕಾರಿನ ಫಲಕದ ಅಕ್ಷರ 65 ಮಿಲಿಮೀಟರ್ ಎತ್ತರವಿರಬೇಕು. ಆ ಫಲಕದ ಮೇಲೆ ಮನೆತನದ ಹೆಸರು, ಸಂಘದ ಹುದ್ದೆ, ಶರಣರ ನಾಮ ಯಾವುದನ್ನೂ ಬರೆಯುವಂತಿಲ್ಲ. ಶರಣರ ಚಿತ್ರವನ್ನು ಹಿಂದಿನ ಗಾಜಿನ ತುಂಬ ಅಂಟಿಸುವವರಿಗೂ ನಮ್ಮದೊಂದು ವಿನಂತಿ. ಹಿಂದಿನ ಗಾಜು ಇರುವುದು ಹಿಂದೆ ಬರುವವರನ್ನು ನೋಡಲು. ಅಲ್ಲದೆ ಮಳೆಗಾಲದಲ್ಲಿ ಆ ಚಿತ್ರಕ್ಕೆ ಹಾರುವ ಕೆಸರನ್ನು ಯಾವ ಭಕ್ತನೂ ಸಹಿಸಬಾರದು.

ಇನ್ನು ಸಣ್ಣಪುಟ್ಟವು. ಕೆಸರು ತಡೆಯುವ ಮಡ್ ಫ್ಲ್ಯಾಪು, ಕಿಟಕಿಯ ಮೇಲಿನ ಮಳೆಪಟ್ಟಿ, ಬಾಗಿಲಿನ ಅಂಚಿಗೆ ರಬ್ಬರು, ಹಿಂಬದಿಗೆ ರಾತ್ರಿ ಹೊಳೆಯುವ ಕೆಂಪು ಪ್ರತಿಫಲಕ ಪಟ್ಟಿ, ಇವೆಲ್ಲ ನಿರಪಾಯಕರ. ಒಂದು ಸಂಜೆಯ ಕೆಲಸ. ಹೊಲ ಗದ್ದೆಗಳ ದಾರಿಯಲ್ಲಿ ಟ್ರಾಕ್ಟರು ಟ್ರೇಲರುಗಳಿಗೆ ಈ ಪ್ರತಿಫಲಕ ಪಟ್ಟಿಯನ್ನು ಕಾರಿಗಿಂತ ಮೊದಲು ಹಚ್ಚಬೇಕು. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಬಡಿದು ಆಗುವ ಸಾವುಗಳನ್ನು ಬೆಳಗಾವಿ, ಮಂಡ್ಯದ ಕಡೆಯವರು ಬಲ್ಲರು. ಏನನ್ನೇ ಜೋಡಿಸುವುದಿದ್ದರೂ ತಂತಿಯನ್ನು ಕತ್ತರಿಸಬಾರದು, ತಗಡಿಗೆ ತೂತು ಕೊರೆಯಬಾರದು. ಕತ್ತರಿಸಿದ ತಂತಿಯಿಂದ ವಾರಂಟಿ ಹೋಗುತ್ತದೆ. ತಿಳಿಸದೆ ಮಾಡಿದ ಮಾರ್ಪಾಡಿನ ನೆಪದಲ್ಲಿ ವಿಮೆಯ ಹಣಕ್ಕೂ ತಕರಾರು ಬರಬಹುದು. ಬೆಲೆಬಾಳುವ ಬಿಡಿಭಾಗವನ್ನು ಹಾಕಿಸಿದರೆ ವಿಮಾ ಕಚೇರಿಗೆ ಬರೆದು ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು.

ಆಯುಧಪೂಜೆಯ ದಿನ ಮಾತ್ರ ಎಲ್ಲರ ಕಾರಿನ ಹೊರಮೈಯೂ ಮಾರ್ಪಡುತ್ತದೆ. ಬಾಳೆಕಂದನ್ನು ಕಟ್ಟುವಾಗ ಕಬ್ಬಿಣದ ತಂತಿಯ ಬದಲು ಬಾಳೆಯ ನಾರನ್ನೋ ನೂಲನ್ನೋ ಬಳಸಿದರೆ ಬಣ್ಣ ಗೀಚುವುದಿಲ್ಲ. ಬಾಳೆಯ ರಸ ಬಟ್ಟೆಗೆ ತಗುಲಿದರೆ ಹೋಗದೆಂಬುದು ಗೃಹಿಣಿಯರಿಗೆಲ್ಲ ಗೊತ್ತು. ಕಾರಿನ ಮೇಲೂ ಅದನ್ನು ಒಣಗಗೊಡಬಾರದು. ಬಾನೆಟ್ಟಿಗೆ ಹಚ್ಚುವ ವಿಭೂತಿಯಲ್ಲಿ ಕ್ಷಾರಗುಣವಿದೆ, ನವಿರಾದ ಹರಳೂ ಇರುತ್ತದೆ. ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಮುಂಗಾಜಿನ ಮೇಲ್ತುದಿಯಲ್ಲಿ, ನೋಟಕ್ಕೆ ಅಡ್ಡವಾಗದಂತೆ ಧರಿಸಿ, ಸಂಜೆಗೆ ನೀರು ಸುರಿದು ಒದ್ದೆಬಟ್ಟೆಯಲ್ಲಿ ತೆಗೆದರೆ ಯಾವ ಬಾಧೆಯೂ ಇಲ್ಲ. ಬೂದುಗುಂಬಳ ಒಡೆದವರು ಅದರ ಹೋಳುಗಳನ್ನು ತಾವೇ ಎತ್ತಿ ರಸ್ತೆಯ ಬದಿಗೆ ಹಾಕಬೇಕು. ಕತ್ತಲಲ್ಲಿ ಬರುವ ದ್ವಿಚಕ್ರದವನು ಜಾರಿ ಬೀಳುವುದು ಅದರ ಮೇಲೆಯೇ. ಮುಂದಿನ ಜಾಲರಿಗೆ ದಟ್ಟವಾಗಿ ಕಟ್ಟಿದ ಹೂವಿನ ಹಾರ ರೇಡಿಯೇಟರಿಗೆ ಗಾಳಿ ಬಿಡದು. ಬಾಳೆಕಂದು ದೀಪವನ್ನೂ ಫಲಕವನ್ನೂ ಮರೆಮಾಡುತ್ತದೆ. ಪೂಜೆ ಮುಗಿಸಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಾಚೆ ಹೊರಡುವವರು ಇವೆರಡನ್ನೂ ಬಿಚ್ಚಿಟ್ಟೇ ಹೊರಡಬೇಕು.